ತ್ರಿಫಲಾ ಕಷಾಯ ಮತ್ತು ಕಣ್ಣು: ಎಷ್ಟು, ಹೇಗೆ, ಎಲ್ಲಿಯವರೆಗೆ

ಅಳಲೆಕಾಯಿ, ತಾರೆಕಾಯಿ, ಬೆಟ್ಟದ ನೆಲ್ಲಿಕಾಯಿ. ಬೀಜ ತೆಗೆದ ಈ ಮೂರರ ಒಣಸಿಪ್ಪೆ ಸಮತೂಕದಲ್ಲಿ ಸೇರಿದರೆ ತ್ರಿಫಲಾ. ಹೊಟ್ಟೆಯ ಮದ್ದೆಂದು ಇದಕ್ಕೆ ಎಷ್ಟು ಹೆಸರಿದೆಯೋ ಕಣ್ಣಿನ ಮದ್ದೆಂದೂ ಅಷ್ಟೇ ಇದೆ. ರಾತ್ರಿ ಒಂದು ಚಮಚ ಪುಡಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಕಣ್ಣು ಬಿಟ್ಟುಕೊಂಡು ತೊಳೆಯಿರಿ ಎಂಬ ಸಲಹೆ ಅಜ್ಜಿಯರ ಬಾಯಲ್ಲೂ ಮೊಬೈಲಿನಲ್ಲೂ ಓಡಾಡುತ್ತಿರುತ್ತದೆ. ಇದರಲ್ಲಿ ಎರಡು ತಪ್ಪುಗಳಿವೆ. ರಾತ್ರಿಯಿಡೀ ನೆನೆಸುವುದು ಒಂದು, ಕಣ್ಣು ಬಿಡುವುದು ಇನ್ನೊಂದು.

ಮನೆಯಲ್ಲಿ ಮಾಡಿದ ಕಷಾಯಕ್ಕೆ ರೆಪ್ಪೆಯೇ ಗಡಿ. ಮುಚ್ಚಿದ ರೆಪ್ಪೆಯ ಮೇಲೆ ಸುರಿಯಬಹುದು, ಬಟ್ಟೆಯಲ್ಲಿ ಅದ್ದಿ ಇಡಬಹುದು. ಅದನ್ನು ದಾಟಿ ಕಣ್ಣೊಳಗೆ ಹೋಗುವುದು ಏನೇ ಇದ್ದರೂ ಅದು ಜೀವಾಣುರಹಿತವಾಗಿ ತಯಾರಾದ, ಮೊಹರು ಹಾಕಿದ ಬಾಟಲಿಯದ್ದೇ ಆಗಿರಬೇಕು. ಇದೇನೂ ಆಯುರ್ವೇದಕ್ಕೆ ಹೊರಗಿನಿಂದ ಹೇರಿದ ನಿಯಮವಲ್ಲ. ನೇತ್ರ ಚಿಕಿತ್ಸೆಯ ಕ್ರಿಯಾಕಲ್ಪಗಳಲ್ಲಿ, ಎಂದರೆ ಕಣ್ಣಿಗೆ ಹೊರಗಿನಿಂದ ಮಾಡುವ ಉಪಚಾರಗಳಲ್ಲಿ, ಸೇಕ ಎಂಬುದಿದೆ: ಕಣ್ಣು ಮುಚ್ಚಿಸಿ, ನಾಲ್ಕು ಅಂಗುಲ ಎತ್ತರದಿಂದ ಸಣ್ಣ ಧಾರೆಯಾಗಿ ಕಷಾಯ ಬಿಡುವುದು. ಕಣ್ಣು ತೆರೆಸಿ ಹನಿ ಹಾಕುವ ಆಶ್ಚ್ಯೋತನ ಬೇರೆಯದೇ ಕ್ರಿಯೆ. ಅದು ವೈದ್ಯನ ಕೈಯ ಕೆಲಸ, ಅದರಲ್ಲಿ ಹನಿಗಳ ಲೆಕ್ಕವೂ ನಿಗದಿಯಾಗಿದೆ. ಮನೆಗೆ ಒಗ್ಗುವುದು ಸೇಕ ಮಾತ್ರ.

ಕುದಿಸಿದ ಮೇಲೂ ಕಣ್ಣೊಳಗೆ ಯಾಕೆ ಬೇಡ

ಕುದಿಸಿದರೆ ಎಲ್ಲ ಸಾಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ನೂರು ಡಿಗ್ರಿಯಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಮಣ್ಣಿನಿಂದ ಬರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಬದುಕಿಕೊಳ್ಳುತ್ತವೆ. ಆಸ್ಪತ್ರೆಯಲ್ಲಿ ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವ್‌ನೊಳಗೆ 121 ಡಿಗ್ರಿಯಲ್ಲಿ 15 ನಿಮಿಷ ಇಡುವುದು ಅದಕ್ಕೇ. ಅದಿರಲಿ, ಕುದಿಸಿ ಇಳಿಸಿದ ಕಷಾಯವನ್ನು ನಾವು ಸೋಸುವ ಬಟ್ಟೆ, ಸುರಿಯುವ ಲೋಟ, ಮುಟ್ಟುವ ಬೆರಳು ಯಾವುದೂ ಕುದಿದಿರುವುದಿಲ್ಲ.

ಎರಡನೆಯದು ಪುಡಿಯ ಕಣ. ಔಷಧ ಕಾರ್ಖಾನೆಯಲ್ಲಿ ಹನಿಮದ್ದು ಸೋಸುವ ಜಾಲರಿಯ ರಂಧ್ರ 0.22 ಮೈಕ್ರಾನ್. ನಮ್ಮ ಪಂಚೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೂ ಅದರ ಸಂದಿನಲ್ಲಿ ಬೂಷ್ಟಿನ ಬೀಜಾಣು ಸಲೀಸಾಗಿ ನುಸುಳುತ್ತದೆ. ಅಳಲೆ ಸಿಪ್ಪೆಯ ನಾರಿನ ಚೂರು ಕಾರ್ನಿಯಾವನ್ನು, ಎಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರವನ್ನು, ಗೀರಿದರೆ ಆ ಗೀರೇ ಸೋಂಕಿಗೆ ಬಾಗಿಲು. ಸಸ್ಯದ ಚೂರಿನಿಂದಾದ ಗಾಯಕ್ಕೆ ಶಿಲೀಂಧ್ರ ತಗಲುವುದು ನಮ್ಮ ಹವೆಯಲ್ಲಿ ಅಪರೂಪವಲ್ಲ. ದಕ್ಷಿಣ ಭಾರತದಲ್ಲಿ ಫ್ಯುಸೇರಿಯಮ್, ಆಸ್ಪರ್ಜಿಲಸ್ ಎಂಬ ಬೂಷ್ಟುಗಳಿಂದಾಗುವ ಕಾರ್ನಿಯಾ ಹುಣ್ಣು ಕಣ್ಣಾಸ್ಪತ್ರೆಗಳಿಗೆ ಚೆನ್ನಾಗಿ ಪರಿಚಿತ. ವಾಸಿಯಾದರೂ ಬಿಳಿ ಕಲೆ ಉಳಿದುಬಿಡುತ್ತದೆ. ಕಣ್ಣಲ್ಲಿ ಹೂ ಬಿದ್ದಿದೆ ಎಂದು ಊರಲ್ಲಿ ಹೇಳುವುದು ಇಂಥ ಕಲೆಗೇ.

ಮೂರನೆಯದು ಹುಳಿ ಮತ್ತು ಒಗರು. ಕಣ್ಣೀರಿನ ಪಿ.ಎಚ್. ಸುಮಾರು 7.4. ತ್ರಿಫಲಾ ನೀರು ಆಮ್ಲೀಯ, ಪಿ.ಎಚ್. ಪಟ್ಟಿ ಅದ್ದಿದರೆ ಬಣ್ಣವೇ ಹೇಳುತ್ತದೆ. ಇದರ ಒಗರಿಗೆ ಕಾರಣವಾದ ಟ್ಯಾನಿನ್ ಎಷ್ಟು ಬಲವಾದದ್ದೆಂದರೆ ಅಳಲೆಕಾಯಿಯಿಂದ ಚರ್ಮ ಹದಮಾಡುತ್ತಾರೆ. ತೊಳೆದ ಮೇಲೆ ಕಣ್ಣು ಬಿಗಿಯಾಗಿ, ಹಗುರವಾಗಿ ಅನ್ನಿಸುವುದು ಈ ಒಗರಿನಿಂದ. ಅದನ್ನು ಕೊಳೆ ಹೋಯಿತು ಎಂದು ತಿಳಿಯುವವರೇ ಹೆಚ್ಚು.

ಯಾರು ಮಾಡಬಹುದು, ಯಾರು ಮುಟ್ಟಲೇಬಾರದು

ಪರದೆ ನೋಡಿ ದಣಿದ ಕಣ್ಣು, ಧೂಳಿನಲ್ಲಿ ಓಡಾಡಿ ಬಂದ ಮೇಲೆ ರೆಪ್ಪೆ ಭಾರವಾಗುವುದು, ರೆಪ್ಪೆಯಂಚಿನಲ್ಲಿ ಹೊಟ್ಟಿನಂಥ ಪದರ: ಸೇಕ ಇಷ್ಟಕ್ಕೆ. ಇಲ್ಲೊಂದು ನೇರ ಮಾತು. ಈ ತೊಂದರೆಗಳಲ್ಲಿ ಬೆಚ್ಚಗಿನ ಬರೀ ನೀರಿನ ಬಟ್ಟೆ ಇಟ್ಟರೂ ಹಿತದ ಬಹುಪಾಲು ಸಿಗುತ್ತದೆ. ಕಷಾಯ ಮಾಡಲು ಪುರುಸೊತ್ತಿಲ್ಲದವರು ಕಳೆದುಕೊಳ್ಳುವುದು ಕಡಿಮೆ.

ನೋವು, ಮಂಜು, ಬೆಳಕು ನೋಡಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಕೀವು, ಪೆಟ್ಟು: ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಬೇಡ, ಅದೇ ದಿನ ಕಣ್ಣಿನ ವೈದ್ಯರು. ತಲೆನೋವು ವಾಂತಿಯೊಂದಿಗೆ ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಗ್ಲಾಕೋಮಾದ, ಎಂದರೆ ಕಣ್ಣೊಳಗಿನ ಒತ್ತಡ ಏರುವ ಕಾಯಿಲೆಯ, ತುರ್ತು ಸ್ಥಿತಿ ಇರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣು ಕೆಂಪಾದರೆ ಲೆನ್ಸ್ ತೆಗೆದು ನೇರ ಆಸ್ಪತ್ರೆಗೆ. ನಲ್ಲಿ ಮತ್ತು ಬಾವಿ ನೀರಲ್ಲಿರುವ ಅಕಾಂತಮೀಬಾ ಎಂಬ ಏಕಕೋಶ ಜೀವಿಗೆ ಲೆನ್ಸ್ ಅಚ್ಚುಮೆಚ್ಚಿನ ಸವಾರಿ. ಪೊರೆಯ ಶಸ್ತ್ರಚಿಕಿತ್ಸೆ ಅಥವಾ ಲೇಸರ್ ಆದವರು ಶಸ್ತ್ರಚಿಕಿತ್ಸಕರು ಒಪ್ಪುವವರೆಗೆ ಕಣ್ಣಿನ ಸುತ್ತ ಯಾವ ಕಷಾಯವನ್ನೂ ಸುರಿಯಬಾರದು. ಹಸುಗೂಸಿಗಂತೂ ಎಂದೂ ಬೇಡ. ಹುಟ್ಟಿದ ಮೊದಲ ತಿಂಗಳಲ್ಲಿ ಕಣ್ಣಲ್ಲಿ ಕೀವು ಕಂಡರೆ ಅದು ಹೆರಿಗೆಯಲ್ಲಿ ತಗುಲಿದ ಸೋಂಕಿರಬಹುದು, ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು.

ಮದ್ರಾಸ್ ಐ ಬಂದಾಗಲೂ ಸೇಕ ಬೇಡ. ಸುರಿದ ನೀರು ಸೋಂಕನ್ನು ಇನ್ನೊಂದು ಕಣ್ಣಿಗೂ ಮನೆಯ ಬಟ್ಟೆಬರೆಗೂ ಹೊತ್ತೊಯ್ಯುತ್ತದೆ. ವೈರಸ್ಸಿನಿಂದ ಬಂದ ಕೆಂಗಣ್ಣು ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾರು ಏನು ಹಾಕಿದ್ದರೋ ಅದಕ್ಕೆ ಹೆಸರು ಬರುತ್ತದೆ. ಎಷ್ಟೋ ಕಣ್ಣುಮದ್ದುಗಳ ಖ್ಯಾತಿ ಹುಟ್ಟಿದ್ದು ಹೀಗೆ.

ಪುಡಿ ಮತ್ತು ಪಾತ್ರೆ

ಗ್ರಂಥಿಗೆ ಅಂಗಡಿಯಲ್ಲಿ ಇಡೀ ಕಾಯಿ ಕೊಂಡು, ಒಡೆದು, ಬೀಜ ತೆಗೆದು ಸಿಪ್ಪೆಯನ್ನಷ್ಟೇ ತೂಗಬೇಕು. ಮೂರು ಕಾಯಿಗಳನ್ನು ಎಣಿಕೆಯಲ್ಲಿ ಸಮ ಮಾಡಿದರೆ ಆಗಲಿಲ್ಲ. ಗಾತ್ರವೂ ಬೇರೆ, ಬೀಜದ ಪಾಲೂ ಬೇರೆ. ಸಿಪ್ಪೆ ತಲಾ 50 ಗ್ರಾಂ ಆದರೆ ಹಲವು ದಿನಕ್ಕೆ ಸಾಕು. ಒಳಗೆ ಕಪ್ಪು ಬೂಷ್ಟು, ಹುಳು ಕೊರೆದ ತೂತು, ಮುಗ್ಗಲು ವಾಸನೆ ಇದ್ದರೆ ಆ ಕಾಯಿ ಹೊರಗೆ. ಕಷಾಯಕ್ಕೆ ನುಣ್ಣನೆಯ ಪುಡಿ ಬೇಡ, ರವೆಯಷ್ಟು ತರಿ ಇರಲಿ. ಜನ ತಪ್ಪುವುದು ಇಲ್ಲೇ. ನುಂಗಲೆಂದು ಮಾಡಿದ ನುಣುಪು ಚೂರ್ಣ ಯಾವ ಬಟ್ಟೆಯಲ್ಲೂ ಪೂರ್ತಿ ಸೋಸುವುದಿಲ್ಲ, ನೀರು ರಾಡಿಯಾಗಿಯೇ ಉಳಿಯುತ್ತದೆ.

ಪಾತ್ರೆ ಸ್ಟೀಲಿನದ್ದು ಅಥವಾ ಗಾಜಿನದ್ದು. ಕಬ್ಬಿಣದ ಬಾಣಲೆಯಲ್ಲಿ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಷಾಯ ಶಾಯಿಯಂತೆ ಕಪ್ಪಾಗುತ್ತದೆ; ಹಿಂದೆ ಶಾಯಿ ಮಾಡುತ್ತಿದ್ದುದೂ ಇದೇ ಸೂತ್ರದಿಂದ. ತಾಮ್ರ, ಅಲ್ಯೂಮಿನಿಯಂ ಎರಡೂ ಬೇಡ. ಇದಲ್ಲದೆ ಎರಡು ಮೃದುವಾದ ಬಿಳಿ ಹತ್ತಿಬಟ್ಟೆ, ಕಾಫಿ ಸೋಸುವ ಕಾಗದ, ಮೂತಿಯಿರುವ ಸಣ್ಣ ಗಿಂಡಿ, ಕೆಳಗಿಡಲು ತಟ್ಟೆ ಬೇಕು. ಕಾಗದವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ 10 ನಿಮಿಷ ಕುದಿಸಿ, ಒರೆಸದೆ ಹಾಗೇ ಆರಬಿಡಿ.

ಕಷಾಯ

10 ಗ್ರಾಂ ತರಿಪುಡಿಗೆ 400 ಮಿ.ಲೀ. ಕುಡಿಯುವ ನೀರು. ಮುಚ್ಚಳ ಹಾಕದೆ ಸಣ್ಣ ಉರಿಯಲ್ಲಿ 200 ಮಿ.ಲೀ.ಗೆ ಇಳಿಸಿ. ಪಾತ್ರೆಗೆ ಮೊದಲೇ 200 ಮಿ.ಲೀ. ನೀರು ಹಾಕಿ ಚಮಚದ ಹಿಡಿ ಎಲ್ಲಿಯವರೆಗೆ ನೆನೆಯುತ್ತದೆಂದು ಗುರುತು ಮಾಡಿಕೊಂಡರೆ ಅಂದಾಜು ತಪ್ಪುವುದಿಲ್ಲ. ಕುಡಿಯುವ ಕಷಾಯ ಇದಕ್ಕಿಂತ ಗಟ್ಟಿ; ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು ಹಾಕಿ ನಾಲ್ಕರಲ್ಲೊಂದು ಪಾಲಿಗೆ ಇಳಿಸುವುದುಂಟು. ಅದನ್ನೇ ರೆಪ್ಪೆಗೆ ಬಳಸಿದರೆ ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು.

ಇಳಿಸಿದ ಮೇಲೆ ಮುಚ್ಚಿ 20 ನಿಮಿಷ ಅಲ್ಲಾಡಿಸದೆ ಬಿಡಿ. ತಳದಲ್ಲಿ ಗಸಿ ಕೂರುತ್ತದೆ. ಮೇಲಿನ ಮುಕ್ಕಾಲು ಭಾಗವನ್ನಷ್ಟೇ ಬಗ್ಗಿಸಿ, ಮೊದಲು ಬಟ್ಟೆಯಲ್ಲಿ, ಆಮೇಲೆ ಕಾಗದದಲ್ಲಿ ಸೋಸಿ. ಬಟ್ಟೆಯನ್ನು ಹಿಂಡಬಾರದು, ಹಿಂಡಿದ ಕೂಡಲೇ ಅಲ್ಲಿಯವರೆಗೆ ತಡೆದಿಟ್ಟ ಕಣವೆಲ್ಲ ಕೆಳಗೆ ಬರುತ್ತದೆ. ಗಾಜಿನ ಲೋಟದಲ್ಲಿ ಹಾಕಿ ಬೆಳಕಿಗೆ ಹಿಡಿದರೆ ತಿಳಿ ಚಹಾದ ಬಣ್ಣ ಕಾಣಬೇಕು, ಆಚೆಗಿನ ಬೆರಳು ಸ್ಪಷ್ಟವಾಗಿ ತೋರಬೇಕು. ರಾಡಿ ಇದ್ದರೆ ಮತ್ತೊಮ್ಮೆ ಕಾಗದ.

ಮೂರು ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ. ಫ್ರಿಜ್ಜಿನಲ್ಲಿಟ್ಟು ನಾಳೆಗೆ ಉಳಿಸುವುದು, ಒಂದು ವಾರದ್ದು ಒಟ್ಟಿಗೆ ಮಾಡುವುದು ಬೇಡ. ರಾತ್ರಿ ನೆನೆಹಾಕುವುದು ತಪ್ಪಾಗುವುದೂ ಇದಕ್ಕೇ: ನಮ್ಮ ಸೆಕೆಯಲ್ಲಿ ಹಸಿ ಪುಡಿ ಬಿದ್ದ ನೀರು ಎಂಟು ಗಂಟೆ ಕೂತರೆ ಅದು ಬ್ಯಾಕ್ಟೀರಿಯಾಕ್ಕೆ ಮಾಡಿಟ್ಟ ಅಂಬಲಿ.

ಸೇಕ ಮಾಡುವ ಕ್ರಮ

ಹಗಲಿನಲ್ಲಿ, ಊಟವಾಗಿ ಒಂದೆರಡು ಗಂಟೆ ಕಳೆದ ಮೇಲೆ ಮಾಡಿ. ಕಾಡಿಗೆ, ಲೆನ್ಸ್ ತೆಗೆದು, ಮುಖ ಸೋಪಿನಲ್ಲಿ ತೊಳೆದಿರಬೇಕು. ತಾನೇ ಮಾಡಿಕೊಳ್ಳುವುದು ಕಷ್ಟ. ಸುರಿಯುವವರು ಇನ್ನೊಬ್ಬರಿರಲಿ, ಉಗುರು ಕತ್ತರಿಸಿ ಕೈ ತೊಳೆದಿರಲಿ.

ಕಷಾಯ ಉಗುರುಬೆಚ್ಚಗೆ ಇರಬೇಕು, ಮೈಬಿಸಿಗಿಂತ ಹೆಚ್ಚಲ್ಲ. ಮುಂಗೈ ಒಳಭಾಗಕ್ಕೆ ನಾಲ್ಕು ಹನಿ ಬಿಟ್ಟರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಮೊದಲ ಬಾರಿಯಾದರೆ ಅಲ್ಲೇ ಸ್ವಲ್ಪ ಹಚ್ಚಿ ಅರ್ಧ ಗಂಟೆ ಕಾಯಿರಿ. ತುರಿಕೆಯೋ ದದ್ದೋ ಎದ್ದರೆ ಅಲ್ಲಿಗೇ ನಿಲ್ಲಿಸಿ.

ಅಂಗಾತ ಮಲಗಿ, ತೊಳೆಯಬೇಕಾದ ಕಣ್ಣಿನ ಕಡೆಗೆ ತಲೆ ವಾಲಿಸಿ. ಬಲಗಣ್ಣಿಗಾದರೆ ಬಲಕ್ಕೆ. ನೀರು ಮೂಗಿನ ಕಡೆಯಿಂದ ಕಪಾಲದ ಕಡೆಗೆ ಇಳಿದು ತಟ್ಟೆಗೆ ಬೀಳಬೇಕು, ಇನ್ನೊಂದು ಕಣ್ಣಿಗೆ ಹರಿಯಬಾರದು. ಕಿವಿಗೆ ಒಣ ಹತ್ತಿ ಇಡಿ. ಕಣ್ಣನ್ನು ನಿದ್ದೆಯಲ್ಲಿರುವಂತೆ ಮುಚ್ಚಿರಲಿ. ಹಿಂಡಿ ಮುಚ್ಚಿದರೆ ರೆಪ್ಪೆ ನಡುಗಿ ಸಂದು ಬಿಡುತ್ತದೆ. ಗಿಂಡಿಯನ್ನು ನಾಲ್ಕು ಅಂಗುಲ ಮೇಲೆ, ಎಂದರೆ ಸುಮಾರು 7 ಸೆಂ.ಮೀ. ಎತ್ತರದಲ್ಲಿ ಹಿಡಿದು, ನೂಲಿಗಿಂತ ತುಸು ದಪ್ಪನೆಯ ಧಾರೆಯಾಗಿ ಮೂಗಿನ ಬದಿಯ ಮೂಲೆಯಿಂದ ಹೊರಮೂಲೆಗೆ ಆಡಿಸಿ. ಗ್ರಂಥಗಳಲ್ಲಿ ಸೇಕದ ಅವಧಿ 300, 400, 600 ಮಾತ್ರೆ (ಒಂದು ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಉಚ್ಚರಿಸುವಷ್ಟು ಹೊತ್ತು) ಎಂದು ಉದ್ದೇಶಕ್ಕೆ ತಕ್ಕಂತೆ ಬದಲಾಗುತ್ತದೆ. ಮನೆಯಲ್ಲಿ ಒಂದು ಕಣ್ಣಿಗೆ ಮೂರರಿಂದ ಐದು ನಿಮಿಷ ಸಾಕು, ಸುಮಾರು 70 ಮಿ.ಲೀ. ಖರ್ಚಾಗುತ್ತದೆ. ತಟ್ಟೆಗೆ ಬಿದ್ದದ್ದನ್ನು ಮತ್ತೆ ಎತ್ತಿ ಸುರಿಯಬೇಡಿ.

ಮುಗಿದ ಮೇಲೆ ಕಣ್ಣು ತೆರೆಯುವ ಮೊದಲು, ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ರೆಪ್ಪೆಯನ್ನು ಒಮ್ಮೆ ಒತ್ತಿ ಒರೆಸಬೇಕು. ಜನ ಮರೆಯುವುದು ಈ ಒಂದು ಹೆಜ್ಜೆಯನ್ನೇ. ರೆಪ್ಪೆಗೂದಲಲ್ಲಿ ನಿಂತ ಕಷಾಯ, ಕಣ್ಣು ಬಿಟ್ಟ ಕೂಡಲೇ ಒಳಗಿಳಿದು ಉರಿಯುತ್ತದೆ. ಕಣ್ಣಿಗೊಂದು ಬಟ್ಟೆ, ಒಂದರದ್ದು ಇನ್ನೊಂದಕ್ಕೆ ಬೇಡ. ಆಮೇಲೆ ಒಂದರ್ಧ ಗಂಟೆ ಬಿಸಿಲು, ಫ್ಯಾನಿನ ನೇರ ಗಾಳಿ, ಮೊಬೈಲು ದೂರವಿರಲಿ.

ದಿನಕ್ಕೊಮ್ಮೆ, ಐದರಿಂದ ಏಳು ದಿನ. ಮೂರನೆಯ ದಿನಕ್ಕೂ ಏನೂ ಗುಣ ಕಾಣದಿದ್ದರೆ ನಾಲ್ಕನೆಯ ದಿನ ಕಷಾಯ ಕಾಯಿಸುವ ಬದಲು ವೈದ್ಯರ ಬಳಿ ಹೋಗಿ. ಎಷ್ಟು ಎಚ್ಚರವಿದ್ದರೂ ಒಂದೆರಡು ಹನಿ ಒಳಗೆ ಹೋಗಬಹುದು. ಆಗ ಉಜ್ಜದೆ, ಔಷಧದಂಗಡಿಯಲ್ಲಿ ಸಿಗುವ ಸ್ಟೆರೈಲ್ ಸಲೈನ್‌ನಿಂದ ಕಣ್ಣು ಬಿಟ್ಟು ತೊಳೆಯಿರಿ. ಚಿಕ್ಕ ಸೀಸೆಯೊಂದನ್ನು ಮೊದಲೇ ತಂದಿಟ್ಟುಕೊಂಡಿರುವುದು ಜಾಣತನ. ಉರಿ ಒಂದು ಗಂಟೆ ಮೀರಿ ಉಳಿದರೆ ತೋರಿಸಿ.

ಹೊಟ್ಟೆಗೆ ತೆಗೆದುಕೊಳ್ಳುವ ಲೆಕ್ಕ

ಕಣ್ಣಿನ ಬಲಕ್ಕೆ ರಾತ್ರಿ ಹೊತ್ತು ಜೇನು, ತುಪ್ಪದೊಂದಿಗೆ ತ್ರಿಫಲಾ ತಿನ್ನಬೇಕೆಂಬುದು ಅಷ್ಟಾಂಗ ಹೃದಯವೆಂಬ ಆಯುರ್ವೇದ ಗ್ರಂಥದಷ್ಟು ಹಳೆಯ ಮಾತು. ಸುತ್ತುಬಳಸಿನದಾದರೂ ಕಣ್ಣುಗುಡ್ಡೆಗೆ ಅಪಾಯವಿಲ್ಲದ ದಾರಿ ಇದು. ವಯಸ್ಕರು ಮೊದಲ ವಾರ 1 ಗ್ರಾಂ, ಹೊಟ್ಟೆ ಒಗ್ಗಿದರೆ 3 ಗ್ರಾಂ. ವೈದ್ಯರ ಸಲಹೆಯಿದ್ದರೆ 6 ಗ್ರಾಂವರೆಗೆ. ಚಮಚದ ಲೆಕ್ಕ ನೆಚ್ಚಬೇಡಿ. ನುಣುಪು ಪುಡಿಯ ಮಟ್ಟಸವಾದ ಒಂದು ಟೀ ಚಮಚ 3 ಗ್ರಾಂ ಆಸುಪಾಸು ತೂಗಿದರೆ ಗೋಪುರ ಮಾಡಿ ತುಂಬಿದ್ದು ಅದರ ಎರಡರಷ್ಟಾಗಬಹುದು. ಒಂದು ಚಮಚ ಜೇನಿಗೆ ಅರ್ಧ ಚಮಚ ತುಪ್ಪ. ಎರಡೂ ಸಮತೂಕವಾಗಬಾರದೆಂಬುದು ಸಂಪ್ರದಾಯದ ಕಟ್ಟಳೆ. ಊಟವಾಗಿ ಎರಡು ಗಂಟೆಯ ಮೇಲೆ ತಿನ್ನಿ.

ಭೇದಿಯಾದರೆ ಪ್ರಮಾಣ ಹೆಚ್ಚಾಯಿತೆಂದು ಅರ್ಥ, ಅರ್ಧಕ್ಕಿಳಿಸಿ. ಬಸುರಿಯರು ತೆಗೆದುಕೊಳ್ಳಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಿಗೆ ಸಕ್ಕರೆ ಇನ್ನಷ್ಟು ಇಳಿಯಬಹುದು, ಜೇನಂತೂ ಅವರಿಗೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಮೊದಲು ವೈದ್ಯರನ್ನು ಕೇಳಿ. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಬಾಣಲೆಯನ್ನು ಕಪ್ಪಾಗಿಸಿದ ಅದೇ ಟ್ಯಾನಿನ್ ಹೊಟ್ಟೆಯಲ್ಲೂ ಕಬ್ಬಿಣವನ್ನು ಹಿಡಿದು ಮೈಗೆ ಸೇರದಂತೆ ಮಾಡುತ್ತದೆ. ಎಷ್ಟು ತಿಂದರೂ ಪೊರೆ ಕರಗುವುದಿಲ್ಲ, ಕನ್ನಡಕದ ನಂಬರು ಇಳಿಯುವುದಿಲ್ಲ. ಗ್ಲಾಕೋಮಾದ ಹನಿಮದ್ದನ್ನು ಬಿಟ್ಟು ಇದನ್ನು ಹಿಡಿದವರು ಕಳೆದುಕೊಂಡ ನೋಟ ಮತ್ತೆ ಬರುವುದಿಲ್ಲ.

ಅಂಗಡಿಯ ಗಿಡಮೂಲಿಕೆ ಹನಿಮದ್ದು

ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಮುಕ್ತಾಯದ ದಿನಾಂಕ, ಜೀವಾಣುರಹಿತ ಎಂಬ ನಮೂದು, ಒಡೆಯದ ಮೊಹರು. ಐದರಲ್ಲಿ ಒಂದು ಕಡಿಮೆಯಾದರೂ ಬೇಡ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಸೀಸೆಗೆ ತುಂಬಿ ಕೊಡುವ ಎಣ್ಣೆಯ ಮಾತೇ ಬೇಡ. ಕಾರ್ಖಾನೆಯದ್ದಾದರೂ ಕಣ್ಣುಮುಚ್ಚಿ ನಂಬುವಂತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಮಾರಾಟವಾದ, ತಮಿಳುನಾಡಿನಲ್ಲಿ ತಯಾರಾದ ಕೃತಕ ಕಣ್ಣೀರಿನ ಹನಿಗಳಿಗೆ ನಂಟಿರುವ ಸುಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ನಾಲ್ವರು ಸತ್ತರು, ಹಲವರು ದೃಷ್ಟಿ ಕಳೆದುಕೊಂಡರು. ಅದು ಗಿಡಮೂಲಿಕೆಯದ್ದೂ ಅಲ್ಲ, ಅಲೋಪತಿಯ ಸಾದಾ ಹನಿ. ಜೀವಾಣುರಹಿತತೆ ಕೈತಪ್ಪಿದರೆ ಪದ್ಧತಿ ಯಾವುದಾದರೂ ಒಂದೇ.

ಹಾಕುವಾಗ ಕೆಳರೆಪ್ಪೆ ಎಳೆದು ಚೀಲ ಮಾಡಿ, ಅದರೊಳಗೆ ಒಂದೇ ಹನಿ. ಆ ಚೀಲ ಹಿಡಿಯುವುದು ಸುಮಾರು 30 ಮೈಕ್ರೋಲೀಟರ್, ಸೀಸೆಯ ಒಂದು ಹನಿಯೇ ಅದಕ್ಕಿಂತ ಹೆಚ್ಚು. ಎರಡನೆಯ ಹನಿ ಕೆನ್ನೆಗೆ. ಸೀಸೆಯ ಮೂತಿ ಕೂದಲಿಗೂ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಮದ್ದು ಗಂಟಲಿಗಿಳಿಯುವುದು ತಪ್ಪುತ್ತದೆ. ಬೇರೆ ಹನಿಮದ್ದಿದ್ದರೆ ಐದು ನಿಮಿಷ ಬಿಟ್ಟು ಹಾಕಿ. ದಿನಕ್ಕೆ ಎಷ್ಟು ಸಲ ಎಂಬುದು ಲೇಬಲ್ಲಿನಲ್ಲಿ ಅಥವಾ ವೈದ್ಯರ ಚೀಟಿಯಲ್ಲಿ ಇರುವಷ್ಟೇ. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದು, ಲೇಬಲ್ಲಿನಲ್ಲಿ ಬೇರೆ ಹೇಳಿರದಿದ್ದರೆ ನಾಲ್ಕು ವಾರಕ್ಕೆ ಎಸೆಯಿರಿ. ಜೇನು, ಈರುಳ್ಳಿ, ನಿಂಬೆ, ಶುಂಠಿ ರಸದ ಹನಿಗಳು ಧಾರಾಕಾರ ಕಣ್ಣೀರು ತರಿಸುವುದನ್ನು ಕಲ್ಮಶ ಹರಿಯಿತು ಎಂದು ಮಾರುತ್ತಾರೆ. ಅದು ಕಣ್ಣು ತನ್ನನ್ನು ತಾನು ಕಾಪಾಡಿಕೊಳ್ಳಲು ಹರಿಸುವ ನೀರು.

ನೇತ್ರ ತರ್ಪಣವನ್ನು, ಎಂದರೆ ಕಣ್ಣಿನ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ತುಪ್ಪ ತುಂಬುವುದನ್ನು, ವಿಡಿಯೋ ನೋಡಿ ಮನೆಯಲ್ಲಿ ಮಾಡಬೇಡಿ. ಅಡುಗೆಮನೆಯ ತುಪ್ಪ ಜೀವಾಣುರಹಿತವಲ್ಲ, ಅದರ ಕಾವು ತಪ್ಪಿದರೆ ಕಾರ್ನಿಯಾ ಸುಡುತ್ತದೆ. ಬೇಕಿದ್ದರೆ ಶಾಲಾಕ್ಯ ತಂತ್ರದಲ್ಲಿ, ಎಂದರೆ ಕಣ್ಣು, ಕಿವಿ, ಮೂಗು, ಗಂಟಲಿನ ಆಯುರ್ವೇದ ವಿಭಾಗದಲ್ಲಿ, ಸ್ನಾತಕೋತ್ತರ ಓದಿದ ವೈದ್ಯರಲ್ಲಿಗೇ ಹೋಗಿ.

ಗಿಡದ ಹಾಲು, ಭತ್ತದ ಹೊಟ್ಟು, ಸುಣ್ಣ

ನಂದಿಬಟ್ಟಲು ಹೂವನ್ನು ತೊಳೆದು ಮುಚ್ಚಿದ ರೆಪ್ಪೆಯ ಮೇಲಿಟ್ಟರೆ ತಂಪು, ತೊಂದರೆಯಿಲ್ಲ. ಆದರೆ ತೊಟ್ಟು ಮುರಿದಾಗ ಒಸರುವ ಬಿಳಿ ಹಾಲು ಕಣ್ಣಿಗೆ ತಾಗಬಾರದು. ಎಕ್ಕದ ಹಾಲು ಇನ್ನೂ ಕೆಟ್ಟದ್ದು. ನೋವೇ ಇಲ್ಲದೆ ಕಣ್ಣು ಮಂಜಾಗಬಹುದು, ನೋವಿಲ್ಲವೆಂದು ಜನ ತಡಮಾಡುತ್ತಾರೆ. ಸುಗ್ಗಿಯಲ್ಲಿ ಭತ್ತದ ಹೊಟ್ಟೋ ಕಬ್ಬಿನ ಗರಿಯೋ ಕಣ್ಣಿಗೆ ಬಡಿದರೆ ನಾಲಿಗೆಯಿಂದ ತೆಗೆಸುವುದು, ಎಣ್ಣೆ ಬಿಡುವುದು, ಔಷಧದಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ಹಾಕುವುದು, ಮೂರೂ ಹುಣ್ಣಿಗೆ ಆಹ್ವಾನ. ಸ್ಟೀರಾಯ್ಡಿನಿಂದ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಬೂಷ್ಟು ಹಬ್ಬುತ್ತದೆ.

ಮಕ್ಕಳು ಎಲೆಅಡಿಕೆ ಸುಣ್ಣದ ಪೊಟ್ಟಣ ಹಿಸುಕಿ ಕಣ್ಣಿಗೆ ಸಿಡಿಸಿಕೊಳ್ಳುವುದು ನಮ್ಮಲ್ಲಿ ಪದೇ ಪದೇ ಆಗುತ್ತದೆ. ಇದೊಂದರಲ್ಲಿ ಮಾತ್ರ ಜೀವಾಣುರಹಿತ ಎಂಬ ಲೆಕ್ಕ ಬೇಡ. ನಲ್ಲಿ, ಬೋರ್‌ವೆಲ್, ಕೊಡ, ಹತ್ತಿರದಲ್ಲಿ ಯಾವ ಶುದ್ಧ ನೀರಿದೆಯೋ ಅದನ್ನು ಆ ಕ್ಷಣವೇ, ರೆಪ್ಪೆ ಅಗಲಿಸಿ ಹಿಡಿದು, ಕನಿಷ್ಠ ಅರ್ಧ ಗಂಟೆ ಬಿಡದೆ ಸುರಿಯಿರಿ. ರೆಪ್ಪೆಯೊಳಗೆ ಅಂಟಿದ ಸುಣ್ಣದ ತುಣುಕು ಕಂಡರೆ ಒದ್ದೆ ಹತ್ತಿಬಟ್ಟೆಯ ತುದಿಯಿಂದ ತೆಗೆಯಿರಿ. ನಿಂಬೆರಸ, ಹಾಲು, ತುಪ್ಪ, ಕಷಾಯ ಯಾವುದೂ ಬೇಡ. ತೊಳೆದಾದ ಮೇಲೆ ತಾಲ್ಲೂಕು ಆಸ್ಪತ್ರೆಯೋ, ಬೆಂಗಳೂರಿನಲ್ಲಾದರೆ ಮಿಂಟೋ ಆಸ್ಪತ್ರೆಯೋ, ಹತ್ತಿರವಿರುವ ಕಡೆ ಹೊರಡಿ. ದಾರಿಯಲ್ಲೂ ಒಂದು ಬಾಟಲಿ ನೀರು ಸುರಿಯುತ್ತಲೇ ಇರಿ, ಖಾಲಿ ಪೊಟ್ಟಣವನ್ನು ವೈದ್ಯರಿಗೆ ತೋರಿಸಲು ಜೇಬಿನಲ್ಲಿಟ್ಟುಕೊಳ್ಳಿ.